ಸಿಂದಗಿ ಕ್ರೂಸರಿಗೂ ಜರ್ಮನಿಗೂ ಏನು ಸಂಬಂಧ?

ಕಾರಿನ ಹುಚ್ಚು ನನಗೆ ಎಂಟನೇ ಇಯತ್ತೆಯಿಂದ. ವಿಜಾಪುರದ ರದ್ದಿ ಅಂಗಡಿಯಿಂದ ಹಳೇ ಇಂಗ್ಲಿಷ್ ಕಾರು ಪತ್ರಿಕೆ ತಂದು, ಅರ್ಥ ಆಗಲಿ ಬಿಡಲಿ, ಓದುತ್ತಿದ್ದೆ. ಲಂಡನ್ನಿನವರು ಯಾವುದನ್ನು ಒಳ್ಳೇ ಗಾಡಿ ಅಂದರೋ ನನಗೂ ಅದೇ ಒಳ್ಳೇದು. ಹಾಗಾಗಿ ಸಿಂದಗಿ-ಇಂಡಿ ನಡುವೆ ಸೋದರಮಾವ ಹೊಡೆಯುತ್ತಿದ್ದ ಟ್ರ್ಯಾಕ್ಸ್ ಅಂದ್ರೆ ನನಗೆ ನಾಚಿಕೆ. "ಏನ್ ಮಾಮಾ, ತಗಡಿನ ಡಬ್ಬಿ ಇದ್ದಂಗ ಐತಿ" ಅಂದಿದ್ದೆ ಒಮ್ಮೆ. ಅವರು ಬಾನೆಟ್ಟಿನ ಮೇಲೆ ಕೈಯಿಟ್ಟು, "ಇಂಜಿನ್ ಮರ್ಸಿಡಿಸಿಂದೈತಿ ತಮ್ಮಾ" ಅಂದರು. ಸುಮ್ಮನೆ ಬಿಡ್ತಾ ಇದಾರೆ ಅಂದ್ಕೊಂಡೆ :)

ಬಿಟ್ಟದ್ದಲ್ಲ ಸ್ವಾಮೀ, ನಿಜ!

ನಾವು ಯಾವ ಸಣ್ಣ ಲಾರಿ ಕಂಡರೂ 'ಟೆಂಪೋ' ಅಂತೀವಲ್ಲ, ಅದು ಜರ್ಮನಿಯ ಹ್ಯಾಂಬರ್ಗಿನಲ್ಲಿ ಮೂರು ಗಾಲಿಯ ಗಾಡಿ ಮಾಡುತ್ತಿದ್ದ ಕಂಪನಿಯ ಬ್ರಾಂಡ್ ಹೆಸರು. 1958ರಲ್ಲಿ ಎನ್.ಕೆ. ಫಿರೋದಿಯಾ ಪುಣೆಯಲ್ಲಿ ಶುರುಮಾಡಿದ ಬಜಾಜ್ ಟೆಂಪೋ ಅವರ ಜೊತೆ ಸೇರಿ ಅದೇ ಗಾಡಿಗಳನ್ನು ಇಲ್ಲಿ ಮಾಡತೊಡಗಿತು. ಮುಂದೆ ಜರ್ಮನಿಯ ಟೆಂಪೋ ಕೈಯಿಂದ ಕೈಗೆ ಹೋಗಿ ಕೊನೆಗೆ ಡೈಮ್ಲರ್-ಬೆಂಝ್ ಪಾಲಾಯಿತು. ಆ ನಂಟಿನಿಂದಲೇ ಅವರ ಓಎಂ 616 ಅನ್ನೋ 2.4 ಲೀಟರ್ ಡೀಸೆಲ್ ಎಂಜಿನ್ ಪುಣೆಗೆ ಬಂದದ್ದು. ಮ್ಯಾಟಡೋರ್, ಟ್ರಾವೆಲರ್, ಟ್ರ್ಯಾಕ್ಸ್ ಎಲ್ಲಕ್ಕೂ ಅದೇ. 2005ರಲ್ಲಿ ಕಂಪನಿ ಫೋರ್ಸ್ ಮೋಟರ್ಸ್ ಆಯಿತು. ಜನರ ಬಾಯಲ್ಲಿ ಟೆಂಪೋ ಹಾಗೇ ಉಳೀತು.

ಈ ಎಂಜಿನ್ ಮೊದಲು ಕೂತದ್ದು ಮರ್ಸಿಡಿಸ್ 240ಡಿ ಕಾರಿನಲ್ಲಿ. ಜರ್ಮನಿಯ ಟ್ಯಾಕ್ಸಿಯವರಿಗೆ ಅದು ಪ್ರಾಣ. ಗ್ರೀಸಿನ ಗ್ರೆಗೋರಿಯೋಸ್ ಸಾಕಿನಿಡಿಸ್ ಅನ್ನೋ ಟ್ಯಾಕ್ಸಿ ಡ್ರೈವರ್ ತನ್ನ 240ಡಿ ಕಾರನ್ನು ಎಂಜಿನ್ ಬದಲಿಸುತ್ತಾ ಬದಲಿಸುತ್ತಾ 46 ಲಕ್ಷ ಕಿಲೋಮೀಟರ್ ಓಡಿಸಿ, 2004ರಲ್ಲಿ ಮರ್ಸಿಡಿಸ್ ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟ. ಇನ್ನು ಮೊರೊಕ್ಕೋ ಕಥೆ ಕೇಳಿ. ಅಲ್ಲಿ ಊರಿಂದೂರಿಗೆ ಹೋಗುವ 'ಗ್ರಾಂಡ್ ಟ್ಯಾಕ್ಸಿ'ಗಳು ದಶಕಗಳ ಕಾಲ ಯುರೋಪಿನವರು ಓಡಿಸಿ ಬಿಟ್ಟ ಹಳೇ 240ಡಿಗಳೇ. ಡ್ರೈವರ್ ಪಕ್ಕ ಇಬ್ಬರು, ಹಿಂದೆ ನಾಲ್ವರು. ಸೀಟು ಭರ್ತಿ ಆಗೋತನಕ ಗಾಡಿ ಹೊರಡಲ್ಲ! ಓದಿದಾಗ ಸಿಂದಗಿ ಬಸ್‌ಸ್ಟ್ಯಾಂಡ್ ಹೊರಗೆ "ಇಂಡೀ ಇಂಡೀ ಇಂಡೀ" ಅಂತ ಕೂಗುವ ಹುಡುಗ ಕಣ್ಣಮುಂದೆ ಬಂದ.

ನಮ್ಮ ಕಡೆ ಇವು ಯಾಕೆ ಬೇರೂರಿದವು ಅನ್ನೋದಕ್ಕೆ ನಕ್ಷೆ ನೋಡಿದರೆ ಸಾಕು. ಹೋಟಗಿ-ಗದಗ ರೈಲು ಮಾರ್ಗದಲ್ಲಿ 'ಇಂಡಿ ರೋಡ್' ಅಂತ, 'ಬಸವನ ಬಾಗೇವಾಡಿ ರೋಡ್' ಅಂತ ನಿಲ್ದಾಣಗಳಿವೆ. ಆ 'ರೋಡ್' ಅಂದ್ರೇನೇ ಊರು ಇನ್ನೂ ದೂರ ಐತಿ, ಇಳಿದು ಗಾಡಿ ಹುಡುಕು ಅಂತ! ಸಿಂದಗಿ, ಮುದ್ದೇಬಿಹಾಳಕ್ಕೆ ಆ ರೈಲೂ ಇಲ್ಲ. ಹಳ್ಳಿಗೆ ಬಸ್ಸು ಬೆಳಗ್ಗೊಂದು ಸಂಜೆಗೊಂದು. ಉಳಿದ ಹೊತ್ತಿನ ಬಾಣಂತಿ, ಬೀಗರು, ಶ್ರಾವಣದ ಬಾಗೇವಾಡಿ ಜಾತ್ರೆ, ಆಷಾಢದ ಪಂಢರಪುರ, ಗೋವಾಕ್ಕೆ ದುಡಿಯಲು ಹೊರಟ ಸಂಸಾರ, ಎಲ್ಲಾ ಟ್ರ್ಯಾಕ್ಸು ಕ್ರೂಸರಿನ ಪಾಲು.

ಇದೇ ಮಾತನ್ನ ಕ್ವಾಲಿಸ್‌ಗೂ ಹೇಳಬಹುದು. ಅದು ಇಂಡೋನೇಷ್ಯಾದ ಕಿಜಾಂಗ್. ಹಾಗಂದ್ರೆ ಅವರ ಭಾಷೆಯಲ್ಲಿ ಜಿಂಕೆ. 2000ದಲ್ಲಿ ನಮ್ಮ ಬಿಡದಿಯಲ್ಲಿ ತಯಾರಾಗಿ ಬಂದಾಗ ಪತ್ರಿಕೆಯವರು ಹಳೇ ಮಾಡೆಲ್ಲು ಅಂತ ಮೂಗು ಮುರಿದರು. ಕೊಂಡವರು ಮುರೀಲಿಲ್ಲ.

ಹಾಗಂತ ಮಾಮಾನ ಗಾಡಿಯನ್ನು ಬರೀ ಹೊಗಳಿ ಮುಗಿಸೋಕೆ ನನ್ನಿಂದಾಗಲ್ಲ. ಪಿಯುಸಿ ಓದುವಾಗ ಬೇರೊಂದು ಬಾಡಿಗೆ ಗಾಡಿಯಲ್ಲಿ, ಹಿಂದಿನ ಅಡ್ಡ ಬೆಂಚಿನಲ್ಲಿ ಹತ್ತೊಂಬತ್ತನೆಯವನಾಗಿ ಕೂತಿದ್ದೆ. ದೇವರ ಹಿಪ್ಪರಗಿ ದಾಟಿದ ಮೇಲೆ ಎಮ್ಮೆ ಅಡ್ಡ ಬಂತು. ನನಗೆ ಹಣೆಗೆ ಮೂರು ಹೊಲಿಗೆ. ಪಕ್ಕದಲ್ಲಿದ್ದ ಆಯಿಯ ಕೈ ಮುರೀತು. ಅವರು ಆ ಕೈಲಿ ಮತ್ತೆ ರೊಟ್ಟಿ ಬಡಿಯಲಿಲ್ಲವಂತೆ. ಪಶ್ಚಿಮ ಜರ್ಮನಿಯಲ್ಲಿ 1976ರಲ್ಲೇ ಮುಂದಿನ ಸೀಟಿನವರಿಗೆ ಬೆಲ್ಟ್ ಕಡ್ಡಾಯ ಆಗಿತ್ತು. ಅಲ್ಲಿಂದ ನಮ್ಮ ತನಕ ಎಂಜಿನ್ ಬಂತು, ಬೆಲ್ಟು ಬರಲಿಲ್ಲ. ಬೆಲ್ಟ್ ಇದ್ದಿದ್ದರೂ ಒಂಬತ್ತು ಬೆಲ್ಟಿಗೆ ಹತ್ತೊಂಬತ್ತು ಜನ ಏನು ಮಾಡಬೇಕಿತ್ತು? ಇಳೀರಿ ಅಂದಿದ್ದರೆ ಆ ಆಯಿ ನಡೆದೇ ಹೋಗಬೇಕಿತ್ತು. ಕಾರು ಪತ್ರಿಕೆಯಲ್ಲಿ ಗಾಡಿಗೆ ಐದಕ್ಕಿಷ್ಟು ನಕ್ಷತ್ರ ಕೊಡ್ತಾರಲ್ಲ, ಇಲ್ಲಿ ಹೇಗೆ ಕೊಡೋದು ಅಂತ ನನಗಿನ್ನೂ ಬಗೆಹರಿದಿಲ್ಲ.

ಮಾಮಾ ಗಾಡಿ ಮಾರಿ ಬಹಳ ವರ್ಷವಾಯ್ತು. ಮೊನ್ನೆ ಊರಿಗೆ ಹೋದಾಗ ಗ್ರೀಸಿನವನ 46 ಲಕ್ಷದ ಕಥೆ ಹೇಳಿದೆ. ಎಲೆ-ಅಡಿಕೆ ಮೆಲ್ಲುತ್ತಾ ಪೂರ್ತಿ ಕೇಳಿದರು. ಆಮೇಲೆ ಒಂದೇ ಪ್ರಶ್ನೆ: "ಅಂವಾ ಆಯಿಲ್ ಎಷ್ಟ್ ಕಿಲೋಮೀಟರಿಗೆ ಬದ್ಲಿ ಮಾಡ್ತಿದ್ದನಂತ?"