ಲ್ಯಾಮಿಂಗ್ಟನ್ ರಸ್ತೆಯಿಂದ ಬದಲಾಪುರಕ್ಕೆ: ಜೋಡಿಸಿದ ಕಂಪ್ಯೂಟರಿನ ಕಥೆ

ಇಂದು ನಮ್ಮ ಮನೆಗಳಲ್ಲಿ ಮೊಬೈಲ್, ಲ್ಯಾಪ್‌ಟಾಪ್ ಎಲ್ಲವೂ ಇವೆ. ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದೆ ಬದಲಾಪುರ, ಕಲ್ಯಾಣ, ಡೊಂಬಿವಲಿಯ ಮನೆಯೊಂದಕ್ಕೆ ಕಂಪ್ಯೂಟರ್ ಬಂತೆಂದರೆ ಅದೊಂದು ಸಂಭ್ರಮ. ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಅಮ್ಮ ಹೊಲಿದ ಹೂವಿನ ಬಟ್ಟೆಯ ಹೊದಿಕೆ ಹಾಕಿ ಇಡುತ್ತಿದ್ದೆವು. ಇವುಗಳಲ್ಲಿ ಹಲವು ದೊಡ್ಡ ಕಂಪನಿಯ ಮುದ್ರೆಯಿಲ್ಲದ, ಬಿಡಿಭಾಗ ಕೊಂಡು ಜೋಡಿಸಿದ 'ಅಸೆಂಬಲ್ಡ್' ಯಂತ್ರಗಳು. ಅವು ನಮ್ಮ ಮನೆಗೆ ಬಂದದ್ದಕ್ಕೂ ಒಂದು ಚರಿತ್ರೆಯಿದೆ.

ಕಂಪ್ಯೂಟರನ್ನು ಕೈಯಾರೆ ಜೋಡಿಸುವುದು ಮುಂಬಯಿಗೆ ಹೊಸತಲ್ಲ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಸುಮಾರು 2,700 ವಾಲ್ವ್‌ಗಳನ್ನು ಬಳಸಿ ಕಟ್ಟಿದ ಯಂತ್ರ 1960ರಲ್ಲಿ ಕೆಲಸ ಆರಂಭಿಸಿತು. 1962ರಲ್ಲಿ ನೆಹರೂ ಅದಕ್ಕೆ 'ಟಿಫ್ರಾಕ್' ಎಂದು ಹೆಸರಿಟ್ಟರು. ಆದರೆ ಅದು ವಿಜ್ಞಾನಿಗಳ ಯಂತ್ರ.

ಮನೆಯ ಬಾಗಿಲು ತೆರೆದದ್ದು 1981ರ ಆಗಸ್ಟ್‌ನಲ್ಲಿ ಬಂದ ಐಬಿಎಂ ಪಿಸಿ. ಬೇಗ ತಯಾರಿಸಬೇಕೆಂದು ಐಬಿಎಂ ಮಾರುಕಟ್ಟೆಯಲ್ಲಿ ಸಿಗುವ ಬಿಡಿಭಾಗಗಳನ್ನೇ ಬಳಸಿತು, ಒಳಗಿನ ವಿನ್ಯಾಸದ ವಿವರವನ್ನೂ ಪ್ರಕಟಿಸಿತು. ಬಯಾಸ್ ಎಂಬ ಮೂಲ ತಂತ್ರಾಂಶ ಮಾತ್ರ ಅದರ ಸ್ವಂತದ್ದು. ಕಾಂಪ್ಯಾಕ್ ಸಂಸ್ಥೆ ನಕಲು ಮಾಡದೆ, ಅದೇ ಕೆಲಸ ಮಾಡುವ ಬೇರೆ ಬಯಾಸ್ ಬರೆಸಿ 1983ರಲ್ಲಿ ತನ್ನ ಯಂತ್ರ ಮಾರಿತು. ಅಲ್ಲಿಂದ ಮುಂದೆ ಯಾರು ಬೇಕಾದರೂ ಹೊಂದುವ ಭಾಗಗಳನ್ನು ಮಾಡಬಹುದಾಯಿತು. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಎಂಬ ಅಳತೆಯಿಂದ ಒಬ್ಬರ ಮದರ್‌ಬೋರ್ಡು ಇನ್ನೊಬ್ಬರ ಕ್ಯಾಬಿನೆಟ್ಟಿನಲ್ಲಿ ಸಲೀಸಾಗಿ ಕೂರತೊಡಗಿತು.

ನಮ್ಮ ದೇಶದಲ್ಲಿ 1984ರ ನವೆಂಬರ್‌ನ ಕಂಪ್ಯೂಟರ್ ನೀತಿ ಆಮದಿನ ಬಿಗಿ ಸಡಿಲಿಸಿತು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿದ ಮೇಲೆ ಬಿಡಿಭಾಗಗಳ ಸುಂಕ ಹಂತಹಂತವಾಗಿ ಇಳಿಯಿತು. ಗ್ರಾಂಟ್ ರೋಡ್ ನಿಲ್ದಾಣದ ಬಳಿಯ ಲ್ಯಾಮಿಂಗ್ಟನ್ ರಸ್ತೆ ಮುಂಬಯಿಗರ ಕಂಪ್ಯೂಟರ್ ಸಂತೆಯಾಯಿತು. ಡಾ. ಭಡಕಮ್ಕರ್ ಮಾರ್ಗ ಎಂಬ ಅಧಿಕೃತ ಹೆಸರಿದ್ದರೂ ಜನ ಕರೆಯುವುದು ಹಳೆಯ ಹೆಸರಿನಿಂದಲೇ.

2002ರಲ್ಲಿ ಅಪ್ಪ ಅಲ್ಲಿ ಅಂಗಡಿ ಅಂಗಡಿ ಸುತ್ತಿ, ಚೀಟಿಯಲ್ಲಿ ದರ ಬರೆಸಿಕೊಂಡು, 128 ಎಂಬಿ ರ‍್ಯಾಮ್, 40 ಜಿಬಿ ಹಾರ್ಡ್ ಡಿಸ್ಕ್‌ನ ಯಂತ್ರ ಜೋಡಿಸಿ ತಂದರು. ದಾದರಿನಲ್ಲಿ ಗಾಡಿ ಬದಲಿಸಿ, ಕರ್ಜತ್ ಲೋಕಲ್‌ನಲ್ಲಿ ಭಾರದ ಮಾನಿಟರನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದದ್ದು ನೆನಪಿದೆ. ಮನೆಯಲ್ಲಿ ಒಂದು ಅಲಿಖಿತ ನಿಯಮವಿತ್ತು: ಹೊದಿಕೆ ಹೊಲಿಯುವುದು, ಧೂಳು ಒರೆಸುವುದು ಅಮ್ಮನ ಕೆಲಸ, ಕ್ಯಾಬಿನೆಟ್ ಬಿಚ್ಚುವುದು ಗಂಡಸರ ಕೆಲಸ.

ಆ ನಿಯಮ ಮುರಿದದ್ದು 2005ರ ಜುಲೈ 26ರ ಮಳೆ. ಅಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆಯಾಯಿತು. ಇತ್ತ ಉಲ್ಹಾಸ್ ನದಿ ಉಕ್ಕಿ ಬದಲಾಪುರದ ತಗ್ಗು ಪ್ರದೇಶ ಮುಳುಗಿತು. ಅಪ್ಪ ಮುಂಬಯಿಯಲ್ಲೇ ಸಿಲುಕಿದ್ದರು. ನೆಲದ ಮೇಲಿದ್ದ ನಮ್ಮ ಕ್ಯಾಬಿನೆಟ್ ಅರ್ಧ ನೀರಿನಲ್ಲಿ ನಿಂತಿತ್ತು. ನೀರಿಳಿದ ಮೇಲೆ ರಿಪೇರಿಯವನೊಬ್ಬ, "ಇದು ಭಂಗಾರಕ್ಕೇ ಸರಿ" ಎಂದುಬಿಟ್ಟ. ಅಮ್ಮ ಒಪ್ಪಲಿಲ್ಲ. ಹೊಲಿಗೆ ಯಂತ್ರದ ಸ್ಕ್ರೂಡ್ರೈವರ್ ತಂದು ಪಕ್ಕದ ತಗಡು ಬಿಚ್ಚಿದರು. "ನನ್ನ ಮಿಷಿನ್ ಬಿಚ್ಚಿ ಎಣ್ಣೆ ಹಾಕಲ್ವಾ? ಇದೂ ಹಾಗೇ" ಎಂದರು. ಮದರ್‌ಬೋರ್ಡಿಗೆ ಕೆಸರು ಮೆತ್ತಿತ್ತು. ಆದರೆ ಫ್ಲಾಪಿ ಡ್ರೈವ್ ಪಕ್ಕದ ಮೇಲಿನ ಖಾನೆಯಲ್ಲಿದ್ದ ಹಾರ್ಡ್ ಡಿಸ್ಕಿಗೆ ನೀರು ಮುಟ್ಟಿರಲಿಲ್ಲ. ಅದರಲ್ಲಿ ಅಮ್ಮ 'ನುಡಿ' ತಂತ್ರಾಂಶದಲ್ಲಿ ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದ್ದ ಹಬ್ಬದ ಹಾಡುಗಳೂ, ಅಜ್ಜಿ ಹೇಳಿದ ಅಡುಗೆಗಳೂ ಇದ್ದವು. ಹೊಸ ಮದರ್‌ಬೋರ್ಡಿಗೆ ಅದನ್ನು ಜೋಡಿಸಿದಾಗ ಎಲ್ಲವೂ ಮರಳಿ ಬಂದವು. ಒಂದು ಭಾಗ ಸತ್ತರೂ ಉಳಿದದ್ದು ಬದುಕುತ್ತದೆ ಎನ್ನುವುದೇ ಜೋಡಿಸಿದ ಯಂತ್ರದ ದೊಡ್ಡ ಗುಣ.

ಆಮೇಲೆ ಅಮ್ಮನೇ ಮನೆಯ ಎಂಜಿನಿಯರ್. ಆನ್ ಮಾಡಿದರೆ ಬೀಪ್ ಬೀಪ್ ಎಂದು ಪರದೆ ಕಪ್ಪಾಗಿದ್ದರೆ ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಅದರ ಬಂಗಾರದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು. ಪ್ರತಿ ಬಾರಿಯೂ ತಾರೀಖು ತಪ್ಪಾಗಿ ತೋರಿಸಿದರೆ ನಾಣ್ಯದಂಥ ಬ್ಯಾಟರಿ ಬದಲಿಸುವುದು. ನಾನು ಮುಂದೆ ಎಂ.ಟೆಕ್. ಓದಿದೆ; ಆದರೆ ಒಂದೊಂದೇ ಭಾಗ ಬಿಡಿಸಿ ದೋಷ ಹುಡುಕುವ ಪಾಠ ಅಲ್ಲೇ ಶುರುವಾಗಿತ್ತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಇತ್ತೀಚೆಗೆ ಆ ಕಡತಗಳನ್ನು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಂಡವು. ಕಾರಣವಿದೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಶೇಷಾದ್ರಿವಾಸು ಅವರ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ನಮಗೆ ಕನ್ನಡ ಬರೆಯುವ ಸುಖ ಕೊಟ್ಟವು. ಆದರೆ ಅಂದಿನ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲೇ ಕನ್ನಡದ ರೂಪಗಳನ್ನು ಇಟ್ಟಿದ್ದವು. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಅಕ್ಷರಶೈಲಿಯೂ ಬಂತು. ನಾವು ಅದಕ್ಕೆ ಹೊರಳಿದ್ದು ತಡವಾಗಿ. ಪರಿವರ್ತಕ ತಂತ್ರಾಂಶದಲ್ಲಿ ಹಾಕಿದ ಮೇಲೆ ಅಮ್ಮನ ಸಾಲುಗಳು ಮತ್ತೆ ಕನ್ನಡವಾದವು. ಕೆಲವು ಒತ್ತಕ್ಷರಗಳನ್ನು ಮಾತ್ರ ಕೈಯಾರೆ ತಿದ್ದಬೇಕಾಯಿತು.

ಸಹೋದರಿಯರೇ, ನಿಮ್ಮ ಮನೆಯ ಅಟ್ಟದಲ್ಲೂ ಅಂಥದ್ದೊಂದು ಕ್ಯಾಬಿನೆಟ್ ಇರಬಹುದು. ಭಂಗಾರ್‌ವಾಲಾನಿಗೆ ಕೊಡುವ ಮೊದಲು ಹಾರ್ಡ್ ಡಿಸ್ಕನ್ನು ತೆಗೆದಿಟ್ಟುಕೊಳ್ಳಿ. ಅದರ ಮುಚ್ಚಳವನ್ನು ಮಾತ್ರ ಬಿಚ್ಚಬೇಡಿ. ಅಗಲ ಪಟ್ಟಿಯ ಹಳೆಯ ಐಡಿಇ ಆಗಲಿ, ಸಾಟಾ ಆಗಲಿ, ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಸಿಗುತ್ತದೆ. ಹೊರನಾಡಿನಲ್ಲಿ ನಮ್ಮ ತಾಯಂದಿರು ಬರೆದ ಕನ್ನಡ ಅಚ್ಚಾದದ್ದು ಕಡಿಮೆ. ಬಹುಶಃ ಅದು ಅಲ್ಲೇ, ಆ ಧೂಳಿನ ಡಬ್ಬಿಯೊಳಗೇ ಇದೆ. ಸ್ಕ್ರೂಡ್ರೈವರ್ ಬೇಕಿದ್ದರೆ ಹೊಲಿಗೆ ಯಂತ್ರದ ಡ್ರಾಯರ್ ನೋಡಿ.