ಚಿಕಿತ್ಸೆಯ ನಡುವೆಯೇ ಮರುಕಳಿಸುವ ಮೂತ್ರಕೋಶದ ಕ್ಯಾನ್ಸರ್

ಮೂತ್ರಕೋಶದ ಕ್ಯಾನ್ಸರ್ ಪತ್ತೆಯಾದ ನಾಲ್ವರಲ್ಲಿ ಸುಮಾರು ಮೂವರಿಗೆ ರೋಗ ಇನ್ನೂ ಒಳಪದರದಲ್ಲೇ ಇರುತ್ತದೆ, ಸ್ನಾಯುವಿಗೆ ಇಳಿದಿರುವುದಿಲ್ಲ. ಈ ಹಂತದಲ್ಲಿ ಜೀವಕ್ಕೆ ತಕ್ಷಣದ ಅಪಾಯ ಕಡಿಮೆ, ಮರುಕಳಿಸುವ ಸ್ವಭಾವ ಮಾತ್ರ ಬಲು ಹೆಚ್ಚು. ಗಡ್ಡೆ ಕೆರೆಸಿ, ವಾರ ತಪ್ಪದೆ ಔಷಧಿ ಹಾಕಿಸಿಕೊಂಡವರಿಗೂ ಮೂರನೇ ತಿಂಗಳ ಸಿಸ್ಟೋಸ್ಕೋಪಿಯಲ್ಲಿ (ಮೂತ್ರಕೋಶದೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ) ‘ಮತ್ತೆ ಕಾಣಿಸಿದೆ’ ಎಂಬ ಮಾತು ಕೇಳಬೇಕಾಗಬಹುದು. ‘ನಾನೇನು ತಪ್ಪು ಮಾಡಿದೆ?’ ಎಂದು ಆಗ ಅವರು ಕೊರಗುತ್ತಾರೆ. ಔಷಧಿ ತಪ್ಪಿಸದವರೂ ಪಥ್ಯ ಮುರಿಯದವರೂ ಇದಕ್ಕೆ ಹೊರತಲ್ಲ ಎನ್ನುವುದನ್ನು ಮನೆಯವರು ಮೊದಲು ತಿಳಿದುಕೊಳ್ಳಬೇಕು.

ಯಾಕೆ ಮರಳುತ್ತದೆ

ಕಿಡ್ನಿಯ ಒಳಗಿನಿಂದ ಮೂತ್ರಕೋಶದವರೆಗೆ ಒಂದೇ ಬಗೆಯ ಪದರ ಹಾಸಿಕೊಂಡಿದೆ. ಹೊಗೆಸೊಪ್ಪಿನ ವಿಷಗಳು ರಕ್ತಕ್ಕೆ ಸೇರಿ, ಕಿಡ್ನಿಯಲ್ಲಿ ಸೋಸಿಹೋಗಿ, ಮೂತ್ರದ ಜತೆ ಗಂಟೆಗಟ್ಟಲೆ ಈ ಪದರವನ್ನು ತಾಗುತ್ತಿರುತ್ತವೆ. ಬಣ್ಣದ ಕಾರ್ಖಾನೆಯ ಕೆಲವು ರಾಸಾಯನಿಕಗಳೂ ಹೀಗೆಯೇ. ಅವುಗಳ ನಂಟನ್ನು ಜರ್ಮನಿಯ ಲುಡ್ವಿಗ್ ರೇನ್ 1895ರಲ್ಲೇ ಗುರುತಿಸಿದ್ದರು. ಹಾನಿ ಇಡೀ ಪದರಕ್ಕೆ ಆಗಿರುವುದರಿಂದ ಒಂದು ಕಡೆ ತೆಗೆದರೆ ಇನ್ನೊಂದು ಕಡೆ ಹುಟ್ಟಬಹುದು. ಕೆರೆಯುವಾಗ ಕಳಚಿದ ಜೀವಕೋಶಗಳು ಬೇರೆಡೆ ಅಂಟಿಕೊಳ್ಳುವುದೂ ಉಂಟು. ಮೊದಲ ಸಲ ಕಣ್ತಪ್ಪಿ ಉಳಿದದ್ದು ಸಿಗಲಿ ಎಂದೇ, ಅಪಾಯ ಹೆಚ್ಚಿರುವ ಹಲವರಿಗೆ 2ರಿಂದ 6 ವಾರದೊಳಗೆ ಇನ್ನೊಮ್ಮೆ ಕೆರೆದು ನೋಡುತ್ತಾರೆ.

ಬಿಸಿಜಿ ಹಾಕುವ ದಿನ

ನಮ್ಮಲ್ಲಿ ಹುಟ್ಟಿದ ಮಗುವಿಗೆ ಕ್ಷಯದ ವಿರುದ್ಧ ಚುಚ್ಚುವ ಬಿಸಿಜಿಯೇ ಇಲ್ಲಿ ಔಷಧಿ. ಅದನ್ನು ಮೂತ್ರಕೋಶದೊಳಗೆ ಹಾಕಿ ಗಡ್ಡೆಗಳನ್ನು ತಡೆಯಬಹುದೆಂದು ಕೆನಡಾದ ಆಲ್ವಾರೊ ಮೊರಾಲೆಸ್ 1976ರಲ್ಲಿ ತೋರಿಸಿಕೊಟ್ಟರು. ಜೀವಂತ ಬ್ಯಾಕ್ಟೀರಿಯಾ ಪದರಕ್ಕೆ ಅಂಟಿ ಉರಿಯೂತ ಎಬ್ಬಿಸುತ್ತದೆ; ಅದನ್ನು ಅಟ್ಟಿಸಿಕೊಂಡು ಬಂದ ರೋಗನಿರೋಧಕ ಕಣಗಳು ಕ್ಯಾನ್ಸರ್ ಕೋಶಗಳನ್ನೂ ಕೊಲ್ಲುತ್ತವೆ.

ವಾರಕ್ಕೊಂದರಂತೆ ಮೊದಲು ಆರು ಡೋಸ್. ಆಮೇಲೆ ಒಂದರಿಂದ ಮೂರು ವರ್ಷದವರೆಗೆ, ಕೆಲವು ತಿಂಗಳಿಗೊಮ್ಮೆ ಮೂರು ಮೂರು ಡೋಸ್. ಸಣ್ಣ ಕ್ಯಾಥೆಟರ್ ಮೂಲಕ ಔಷಧಿ ಒಳಗೆ ಹೋದ ಮೇಲೆ ಎರಡು ಗಂಟೆ ಮೂತ್ರ ತಡೆದುಕೊಳ್ಳಬೇಕು. ನಂತರದ ಆರು ಗಂಟೆ, ಗಂಡಸರೂ ಕೂತೇ ಮೂತ್ರ ಮಾಡಬೇಕು. ಪ್ರತಿ ಸಲವೂ ಬ್ಲೀಚ್ ಸುರಿದು 15 ನಿಮಿಷ ಬಿಟ್ಟು ಫ್ಲಶ್ ಮಾಡಬೇಕು. ಆ ರಾತ್ರಿ ಉರಿ, ಪದೇ ಪದೇ ಶೌಚಾಲಯಕ್ಕೆ ಓಟ, ಸ್ವಲ್ಪ ಚಳಿ ಎಲ್ಲ ಸಾಮಾನ್ಯ. ಮಾರನೇ ದಿನ ಕೆಲಸಕ್ಕೆ ರಜೆ ಹಾಕುವುದು ಒಳ್ಳೆಯದು.

ಜ್ವರ 101 ಡಿಗ್ರಿ ದಾಟಿ ಇಳಿಯದಿದ್ದರೆ, ನಡುಕ ಬಂದರೆ ಕಾಯಬಾರದು. ಊರಿನ ಡಾಕ್ಟರ ಬಳಿ ಹೋದರೂ ‘ಮೂತ್ರಕೋಶಕ್ಕೆ ಬಿಸಿಜಿ ಹಾಕಿಸಿಕೊಂಡಿದ್ದೇನೆ’ ಎಂದು ಮೊದಲೇ ಹೇಳಬೇಕು. ಬಿಸಿಜಿ ದೇಹಕ್ಕೆ ಹರಡಿದ್ದರೆ ಕ್ಷಯದ ಮಾತ್ರೆಗಳೇ ಬೇಕಾಗುತ್ತವೆ. ಮೂತ್ರದಲ್ಲಿ ಸೋಂಕು ಅಥವಾ ಕಣ್ಣಿಗೆ ಕಾಣುವಷ್ಟು ರಕ್ತ ಇದ್ದ ದಿನ ಡೋಸ್ ಮುಂದೂಡುತ್ತಾರೆ. ಅದರಿಂದ ಚಿಕಿತ್ಸೆ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ.

ಮರಳಿದ್ದು ಯಾವ ಬಗೆಯದು

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದೇ. ರೋಗಿ ಬಯಾಪ್ಸಿ ವರದಿ ಹಿಡಿದು ಮೂರು ವಿಷಯ ಕೇಳಿ ತಿಳಿಯಬೇಕು: ಗ್ರೇಡ್ (ಕೋಶಗಳ ಉಗ್ರತೆ) ಎಷ್ಟು, ಆಳ ಎಷ್ಟು, ಕೊನೆಯ ಡೋಸ್ ಆಗಿ ಎಷ್ಟು ದಿನಕ್ಕೆ ಬಂತು. ಲೋ ಗ್ರೇಡ್ ಗಡ್ಡೆ ಮರಳಿದರೆ ಸಾಮಾನ್ಯವಾಗಿ ಮತ್ತೆ ತೆಗೆದು ಮುಂದುವರಿಯುತ್ತಾರೆ. ಅದು ಜೀವ ತೆಗೆಯುವುದು ಅಪರೂಪ. ಗೋಡೆಯ ಪಾಚಿಯಂತೆ ಚಪ್ಪಟೆಯಾಗಿ ಹಬ್ಬುವ ‘ಕಾರ್ಸಿನೋಮಾ ಇನ್ ಸಿಟು’ ಬಗೆ ಮೂರನೇ ತಿಂಗಳಲ್ಲಿ ಇನ್ನೂ ಇದ್ದರೂ, ಎರಡನೇ ಸುತ್ತು ಬಿಸಿಜಿಯಿಂದ ಅನೇಕರಲ್ಲಿ ಆರನೇ ತಿಂಗಳಿಗೆ ಹೋಗಿರುತ್ತದೆ.

ಹೈ ಗ್ರೇಡ್ ರೋಗ ಪೂರ್ತಿ ಕೋರ್ಸ್ ಆದ ಮೇಲೂ ಬೇಗ ಮರಳಿದರೆ, ಅಥವಾ ಪದರದ ಕೆಳಗೆ ಇಳಿಯತೊಡಗಿದರೆ, ಇನ್ನಷ್ಟು ಬಿಸಿಜಿ ಹಾಕುತ್ತ ಕೂರುವುದು ಅಪಾಯ; ಆಗ ಶಸ್ತ್ರಚಿಕಿತ್ಸೆಯಿಂದ ಮೂತ್ರಕೋಶವನ್ನೇ ತೆಗೆಯುವ ಮಾತು ಬರುತ್ತದೆ. ಮೂತ್ರಕೋಶ ಉಳಿಸಬೇಕೆಂಬ ಆಸೆ ಸಹಜ, ಆದರೆ ಇಲ್ಲಿ ತಿಂಗಳುಗಳ ವಿಳಂಬಕ್ಕೆ ಬೆಲೆ ತೆರಬೇಕಾದೀತು. ಶಸ್ತ್ರಚಿಕಿತ್ಸೆ ಬೇಡವೆಂದವರಿಗೆ ಅಥವಾ ಅದನ್ನು ತಾಳಲಾರದವರಿಗೆ ಜೆಮ್ಸಿಟಾಬಿನ್, ಡೋಸಿಟ್ಯಾಕ್ಸೆಲ್ ಔಷಧಿಗಳನ್ನು ಒಂದರ ಹಿಂದೊಂದು ಮೂತ್ರಕೋಶಕ್ಕೇ ಹಾಕುವ ದಾರಿಯಿದೆ. ಅಮೆರಿಕದಲ್ಲಿ 2020ರಲ್ಲಿ ಇದಕ್ಕೆ ಅನುಮತಿ ಪಡೆದ ಪೆಂಬ್ರೊಲಿಜುಮಾಬ್ ಇಂಜೆಕ್ಷನ್ ಕೂಡ ಇದೆ, ಆದರೆ ಬಹಳ ದುಬಾರಿ.

ಮೂತ್ರಕೋಶ ತೆಗೆಯಬೇಕೆಂದಾಗ

ಸಣ್ಣಕರುಳಿನ ತುಂಡೊಂದನ್ನು ಬಳಸಿ ಹೊಟ್ಟೆಯ ಮೇಲೆ ಬಾಯಿ ಮಾಡಿ ಚೀಲ ಅಂಟಿಸುವುದು ಒಂದು ವಿಧಾನ. ಕರುಳಿನಿಂದಲೇ ಹೊಸ ಮೂತ್ರಕೋಶ ಹೊಲಿಯುವುದು ಇನ್ನೊಂದು. ಎರಡನೆಯದರಲ್ಲಿ ಚೀಲದ ತಾಪತ್ರಯವಿಲ್ಲ, ಆದರೆ ತುಂಬಿದ್ದು ಮೊದಲಿನಂತೆ ತಿಳಿಯದ ಕಾರಣ ರಾತ್ರಿ ಅಲಾರಂ ಇಟ್ಟು ಎದ್ದೇಳಬೇಕು. ಒಪ್ಪಿಗೆ ಕೊಡುವ ಮುನ್ನ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುವುದು ರೋಗಿಯ ಹಕ್ಕು. ಚೀಲ ಹಾಕಿಕೊಂಡೇ ವರ್ಷಗಟ್ಟಲೆ ಓಡಾಡಿಕೊಂಡಿರುವ ಒಬ್ಬರನ್ನಾದರೂ ಭೇಟಿ ಮಾಡಿಸುವಂತೆ ಡಾಕ್ಟರನ್ನು ಕೇಳಿ. ಹತ್ತು ಕರಪತ್ರ ಓದಿದ್ದಕ್ಕಿಂತ ಅದರಿಂದ ಹೆಚ್ಚು ಧೈರ್ಯ ಬರುತ್ತದೆ.

ಪರೀಕ್ಷೆಯ ಹಿಂದಿನ ರಾತ್ರಿ

ಮೊದಲ ಎರಡು ವರ್ಷ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಸಿಸ್ಟೋಸ್ಕೋಪಿ ಇರುತ್ತದೆ. ದಿನ ಹತ್ತಿರ ಬಂದಂತೆ ನಿದ್ದೆ ಹಾರುವುದು, ಸಿಡಿಮಿಡಿಗೊಳ್ಳುವುದು ಎಲ್ಲರಿಗೂ ಆಗುವಂಥದ್ದೇ. ‘ಏನೂ ಆಗಲ್ಲ ಬಿಡಿ’ ಎನ್ನುವುದಕ್ಕಿಂತ ಜತೆಗೆ ಆಸ್ಪತ್ರೆಗೆ ಹೋಗಿ, ಡಾಕ್ಟರು ಹೇಳಿದ್ದನ್ನು ಬರೆದುಕೊಳ್ಳುವುದು ಮನೆಯವರು ಮಾಡಬಹುದಾದ ದೊಡ್ಡ ಸಹಾಯ. ಹಿಂದಿನ ವರದಿಗಳನ್ನೆಲ್ಲ ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಬೇಕು, ಮುಖ್ಯವಾಗಿ ಪ್ರತಿ ಬಯಾಪ್ಸಿಯ ವರದಿ ಮತ್ತು ಪ್ರತಿ ಡೋಸ್‌ನ ದಿನಾಂಕ. ರೋಗಿ ಇನ್ನೂ ಬೀಡಿ ಸೇದುತ್ತಿದ್ದರೆ ಬಿಡಿಸಲು ಈಗಲೂ ತಡವಾಗಿಲ್ಲ. ಬೈದು ಬಿಡಿಸುವುದು ಕಷ್ಟ. ಮುಂದಿನ ಭೇಟಿಯಲ್ಲೇ ಡಾಕ್ಟರ ಬಳಿ ಈ ಮಾತು ಎತ್ತಿ, ನಿಕೋಟಿನ್ ಗಮ್ ಅಥವಾ ಮಾತ್ರೆ ಕೇಳುವುದು ವಾಸಿ.