ಯಾರದೋ ಇ-ಮೇಲ್ ನಮ್ಮ ಇನ್‌ಬಾಕ್ಸಿಗೆ

ಬೇರೆ ಯಾರಿಗೋ ಹೋಗಬೇಕಾದ ಇ-ಮೇಲ್ ನಮಗೆ ಬಂದು ಬೀಳುವುದು ಈಗ ಅಪರೂಪವೇನಲ್ಲ. ಕಂಡುಕೇಳದವರ ಬಸ್ ಟಿಕೆಟ್, ಬ್ಯಾಂಕಿನ ಸ್ಟೇಟ್‌ಮೆಂಟ್, ಶಾಲೆಯ ಫೀ ನೋಟಿಸು, ಕೆಲಸದ ಸಂದರ್ಶನದ ಕರೆ, ಎಲ್ಲವೂ ಹೀಗೆ ದಾರಿ ತಪ್ಪುತ್ತವೆ. ಕಳಿಸಿದವರು ತಲುಪಿತೆಂದು ನಿಶ್ಚಿಂತೆಯಿಂದಿರುತ್ತಾರೆ. ತಲುಪಬೇಕಾದವರಿಗೆ ಅಂಥದ್ದೊಂದು ಹೊರಟದ್ದೇ ಗೊತ್ತಿರುವುದಿಲ್ಲ. ಟಿಕೆಟ್ಟಾದರೆ ಮತ್ತೆ ತರಿಸಿಕೊಳ್ಳಬಹುದು, ಸಂದರ್ಶನದ ದಿನ ಕಳೆದುಹೋದರೆ ಮತ್ತೆ ಬರುವುದಿಲ್ಲ. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಊರು ಮತ್ತು ಹೆಸರುಗಳನ್ನು ನೋಡಿದರೆ ಇದು ಯಾಕಾಗುತ್ತದೆ ಎಂಬುದು ಚೆನ್ನಾಗಿ ತಿಳಿಯುತ್ತದೆ.

ಹೆಸರೊಂದೇ, ಊರೆರಡು

ಕಾಗದದ ಕಾಲದಲ್ಲೂ ಈ ತೊಂದರೆ ಇತ್ತು. ಚಾಮರಾಜನಗರ ತಾಲ್ಲೂಕಿನಲ್ಲೊಂದು ಹರದನಹಳ್ಳಿ, ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನಲ್ಲಿ ಇನ್ನೊಂದು. ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಹೆಸರಿನ ಮೊದಲ ಅಕ್ಷರ ಈ ಎರಡನೆಯದರಿಂದ ಬಂದದ್ದು. ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರಿಗೆ ಬೆಂಗಳೂರಿನ ಬೇಗೂರು ಜೊತೆ. ಡಾ. ರಾಜಕುಮಾರ್ ಅವರ ಗಾಜನೂರು ಚಾಮರಾಜನಗರದ ಮಗ್ಗುಲಲ್ಲೇ ಇದ್ದರೂ ಸೇರಿರುವುದು ತಮಿಳುನಾಡಿನ ತಾಳವಾಡಿಗೆ. ತುಂಗಾ ಅಣೆಕಟ್ಟಿನ ಗಾಜನೂರು ಇರುವುದು ಶಿವಮೊಗ್ಗದ ಹತ್ತಿರ. ಚಾಮರಾಜನಗರದ ಹೆಸರೂ ಒಂಟಿಯಲ್ಲ. ಅರಿಕುಠಾರವಾಗಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ನೆನಪಿಗೆ ಇಟ್ಟ ಹೆಸರದು. ಮೈಸೂರಿನ ಚಾಮರಾಜಪುರಂ, ಬೆಂಗಳೂರಿನ ಚಾಮರಾಜಪೇಟೆ ಅದರ ಪಕ್ಕದಲ್ಲೇ ನಿಲ್ಲುವ ಹೆಸರುಗಳು.

ಈ ಗೊಂದಲ ಬಿಡಿಸಲು ಬಂದದ್ದು ಪಿನ್ ಕೋಡ್. ಕೇಂದ್ರ ಸಂಪರ್ಕ ಸಚಿವಾಲಯದ ಅಧಿಕಾರಿಯೂ ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್ ರೂಪಿಸಿದ ಈ ಆರಂಕಿಯ ಪದ್ಧತಿ 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಮೊದಲ ಅಂಕಿ ವಲಯ, ಎರಡನೆಯದು ಉಪವಲಯ, ಮೂರನೆಯದು ಟಪಾಲು ವಿಂಗಡಿಸುವ ಜಿಲ್ಲೆ, ಉಳಿದ ಮೂರು ಬಟವಾಡೆ ಕಚೇರಿ. ಚಾಮರಾಜನಗರ 571313, ಗುಂಡ್ಲುಪೇಟೆ 571111, ಬೆಂಗಳೂರಿನ ಚಾಮರಾಜಪೇಟೆ 560018. ಎರಡು ಹರದನಹಳ್ಳಿಗಳನ್ನು ಬೇರೆ ಮಾಡುವುದು ಮೂರನೆಯ ಅಂಕಿ: ಇಲ್ಲಿಯದು 571, ಹಾಸನದ ಕಡೆಯದು 573. ತಾಳವಾಡಿಯದು 638461, ಅಂದರೆ ಮೊದಲ ಅಂಕಿಯಲ್ಲೇ ರಾಜ್ಯ ಬದಲು. 1997ರಲ್ಲಿ ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಸ್ವಂತ ಜಿಲ್ಲೆಯಾದರೂ ಅದರ 571 ಹಾಗೆಯೇ ಉಳಿದಿದೆ.

ಪೋಸ್ಟ್‌ಮ್ಯಾನ್ ಮತ್ತು ಊರಿನವರು

ಪಿನ್ ಸರಿಯಿದ್ದು ಮನೆ ಗೊತ್ತಾಗದಿದ್ದರೆ ಮಿಕ್ಕದ್ದು ಊರಿನ ಕೆಲಸ. ‘ಮಾದಪ್ಪನ ಮಗ ಮಹದೇವ’ ಎಂದಷ್ಟೇ ಇದ್ದರೆ ಪೋಸ್ಟ್‌ಮ್ಯಾನ್ ಟೀ ಅಂಗಡಿಯಲ್ಲಿ ಕೇಳುತ್ತಾನೆ. ಯಾವ ಮಾದಪ್ಪ, ಮೇಲಿನ ಬೀದಿಯವನೋ ಕೆರೆ ಕಡೆಯವನೋ ಎಂದು ನಾಲ್ಕು ಜನ ನಾಲ್ಕು ಮಾತು ಹೇಳಿ ಕಾಗದ ಮನೆ ಸೇರುತ್ತದೆ. ಹತ್ತು ಜನರ ತಿಳಿವಳಿಕೆ ಕೂಡಿಸಿ ಉತ್ತರ ಹುಡುಕುವುದನ್ನು ಹಳ್ಳಿಗಳು ಎಂದಿನಿಂದಲೂ ಮಾಡಿಕೊಂಡು ಬಂದಿವೆ. ಆಗಲೂ ಸಿಗದ ಕಾಗದ ಕಳಿಸಿದವರಿಗೆ ಮರಳುತ್ತದೆ. ಅವರ ವಿಳಾಸವೂ ಇಲ್ಲದಿದ್ದರೆ ಅದು ರಿಟರ್ನ್ಡ್ ಲೆಟರ್ ಆಫೀಸಿಗೆ ಹೋಗುತ್ತದೆ. ಹಿಂದೆ ಇದರ ಹೆಸರು ಡೆಡ್ ಲೆಟರ್ ಆಫೀಸ್. ಕಳಿಸಿದವರ ಗುರುತು ಹುಡುಕಲು ಲಕೋಟೆ ಬಿಚ್ಚುವ ಅಧಿಕಾರ ಅಲ್ಲಿನ ಸಿಬ್ಬಂದಿಗೆ ಮಾತ್ರ.

ಇ-ಮೇಲಿನಲ್ಲಿ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ವಿಳಾಸ ಅಸ್ತಿತ್ವದಲ್ಲೇ ಇಲ್ಲದಿದ್ದರೆ ‘ತಲುಪಿಸಲಾಗಲಿಲ್ಲ’ ಎಂದು ವಾಪಸು ಬರುತ್ತದೆ. ವಿಳಾಸ ಇದ್ದು ಅದು ಬೇರೆಯವರದಾಗಿದ್ದರೆ ಯಂತ್ರದ ಲೆಕ್ಕದಲ್ಲಿ ಬಟವಾಡೆ ಸರಿಯಾಗಿಯೇ ಆಗಿದೆ.

ಒಂದು ಹೆಸರಿಗೆ ಎಷ್ಟು ಸ್ಪೆಲ್ಲಿಂಗು

ಮಲೆ ಮಹದೇಶ್ವರ, ಬಿಳಿಗಿರಿರಂಗ, ಮಂಟೇಸ್ವಾಮಿ, ಸಿದ್ದಪ್ಪಾಜಿಯರ ನಾಡಿದು. ಮಹದೇವಸ್ವಾಮಿ, ಮಾದೇಶ, ಮಾದಮ್ಮ, ರಂಗಸ್ವಾಮಿ, ಸಿದ್ದರಾಜು ಎಂದು ಕೂಗಿದರೆ ಯಾವ ಊರಲ್ಲಾದರೂ ಒಬ್ಬರಾದರೂ ತಿರುಗಿ ನೋಡುತ್ತಾರೆ. ಮನೆತನದ ಹೆಸರು ಬರೆಯುವ ರೂಢಿ ಕಡಿಮೆ. ಊರಿನದೋ ತಂದೆಯದೋ ಒಂದು ಇನಿಷಿಯಲ್ ಇದ್ದರೆ ಸಾಕು. ಕನ್ನಡದಲ್ಲಿ ಮಹದೇವಸ್ವಾಮಿ ಎಂದು ಬರೆದರೆ ತಕರಾರಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಇಳಿಸುವಾಗ ಮಾತ್ರ ಒಬ್ಬರದು ‘ಮಹ’, ಇನ್ನೊಬ್ಬರದು ‘ಮಹಾ’, ಮತ್ತೊಬ್ಬರದು ‘ಮಾ’. ‘ದ’ಕಾರಕ್ಕೆ ಡಿ ಸಾಕೆನ್ನುವವರಿದ್ದಾರೆ, ಎಚ್ ಸೇರಿಸುವವರೂ ಇದ್ದಾರೆ. ಕೊನೆಗೆ ವೈ ಬರೆಯುವವರು ಕೆಲವರು, ಐ ಬರೆಯುವವರು ಕೆಲವರು. ಇಷ್ಟರಲ್ಲೇ 12 ರೂಪಗಳಾದವು. ಅವುಗಳಲ್ಲಿ ಒಂದೊಂದೂ ಒಬ್ಬೊಬ್ಬರ ಇ-ಮೇಲ್ ಆಗಿರಬಹುದು.

ಬಯಸಿದ ವಿಳಾಸ ಸಿಗದವರು ಕೊನೆಗೊಂದು ಸಂಖ್ಯೆ ಸೇರಿಸಿಕೊಳ್ಳುತ್ತಾರೆ. ಅವರೇ ಮುಂದೊಂದು ದಿನ ಫೋನಿನಲ್ಲಿ ವಿಳಾಸ ಹೇಳುವಾಗ ಸಂಖ್ಯೆ ಮರೆತರೆ ಮೇಲ್ ಹೋಗುವುದು ಸಂಖ್ಯೆಯಿಲ್ಲದ ಆ ಮೊದಲಿಗರಿಗೆ. ಜಿಮೇಲಿನ ಚುಕ್ಕೆಯೂ ಇಂಥದ್ದೇ. ಇನಿಷಿಯಲ್ ಆದಮೇಲೆ ಚುಕ್ಕೆ ಇಟ್ಟರೂ ಬಿಟ್ಟರೂ ಜಿಮೇಲಿಗೆ ಅದು ಒಂದೇ ಖಾತೆ. ಚುಕ್ಕೆಯಿರುವ ವಿಳಾಸ ತನ್ನದು, ಇಲ್ಲದ್ದು ಇನ್ನಾರದೋ ಎಂದುಕೊಂಡವರು ತಪ್ಪು ತಿಳಿದಿರುತ್ತಾರೆ.

ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿ ಉಳಿದ ಹನ್ನೊಂದರ ಲೆಕ್ಕದಿಂದ ಬರುವಂಥದ್ದು. ಒಂದು ಅಂಕಿ ತಪ್ಪಿದರೆ ಕಂಪ್ಯೂಟರಿಗೆ ಅಲ್ಲೇ ತಿಳಿಯುತ್ತದೆ. ಇ-ಮೇಲ್ ವಿಳಾಸಕ್ಕೆ ಅಂಥ ಕಾವಲಿಲ್ಲ.

ಫಾರಂ ತುಂಬುವ ಮೇಜಿನ ಬಳಿ

ತಪ್ಪಿನ ಹುಟ್ಟು ಹೆಚ್ಚಾಗಿ ಇಲ್ಲೇ. ವಿದ್ಯಾರ್ಥಿವೇತನಕ್ಕೋ ನೇಮಕಾತಿಗೋ ಅರ್ಜಿ ಹಾಕಲು ಹಳ್ಳಿಯ ಹುಡುಗ ಹುಡುಗಿಯರು ತಾಲ್ಲೂಕು ಕೇಂದ್ರದ ಸೈಬರ್ ಸೆಂಟರಿಗೆ ಬರುತ್ತಾರೆ. ಕೊನೆಯ ದಿನವಾದರೆ ಹೊರಗೆ ಸಾಲು. ಅರ್ಜಿದಾರರಿಗೆ ಇ-ಮೇಲ್ ಇಲ್ಲ, ಫಾರಂ ಮುಂದಕ್ಕೆ ಹೋಗುವುದಿಲ್ಲ. ಟೈಪು ಮಾಡುವವರು ತಮ್ಮದೇ ವಿಳಾಸ ಹಾಕುತ್ತಾರೆ, ಇಲ್ಲವೇ ಅರ್ಜಿದಾರರ ಹೆಸರಿಗೆ ಜಿಮೇಲ್ ಸೇರಿಸಿ ಹೊಸದೊಂದನ್ನು ಊಹಿಸಿ ಬರೆಯುತ್ತಾರೆ. ಊಹೆಯ ವಿಳಾಸ ಇನ್ನಾರದೋ ಆಗಿದ್ದರೆ ಹಾಲ್ ಟಿಕೆಟ್ಟಿನ ಸೂಚನೆ ಅಲ್ಲಿಗೆ ಹೋಗುತ್ತದೆ. ಅರ್ಜಿ ಹಾಕಿದ ಹುಡುಗಿಗೆ ಪರೀಕ್ಷೆ ಮುಗಿದ ಸುದ್ದಿ ಗೆಳತಿಯಿಂದ ತಿಳಿಯುತ್ತದೆ. ಇದನ್ನು ಸಣ್ಣ ಟೈಪಿಂಗ್ ದೋಷ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಅರ್ಜಿ ಪಡೆಯುವ ಸಂಸ್ಥೆಯ ಹೊಣೆ ಇನ್ನೂ ದೊಡ್ಡದು. ಮೊಬೈಲಿಗೆ ಒಟಿಪಿ ಕಳಿಸಿ ಖಚಿತಪಡಿಸಿಕೊಳ್ಳುವವರು ಇ-ಮೇಲಿಗೂ ಒಂದು ದೃಢೀಕರಣ ಲಿಂಕ್ ಕಳಿಸಿದರೆ ಇವುಗಳಲ್ಲಿ ಬಹುಪಾಲು ನಿಲ್ಲುತ್ತವೆ.

ಅಮೆರಿಕದ ಸೇನೆಗೂ ತಪ್ಪಲಿಲ್ಲ

ಅಮೆರಿಕದ ಸೇನೆಯ ವಿಳಾಸಗಳು ‘ಡಾಟ್ ಮಿಲ್’ ಎಂದು ಮುಗಿಯುತ್ತವೆ. ನಡುವಿನ ಐ ಬಿಟ್ಟರೆ ಅದು ಪಶ್ಚಿಮ ಆಫ್ರಿಕದ ಮಾಲಿ ದೇಶದ ಗುರುತು. ಮಾಲಿಯ ಡೊಮೇನ್ ನೋಡಿಕೊಳ್ಳುತ್ತಿದ್ದ ಡಚ್ ಉದ್ಯಮಿಯೊಬ್ಬರ ಕೈಗೆ 2023ರ ಕೆಲವೇ ತಿಂಗಳಲ್ಲಿ ಇಂಥ ಒಂದು ಲಕ್ಷಕ್ಕೂ ಹೆಚ್ಚು ಸಂದೇಶಗಳು ಬಂದವು. ವೈದ್ಯಕೀಯ ದಾಖಲೆ, ಪ್ರಯಾಣದ ವಿವರಗಳೂ ಅವುಗಳಲ್ಲಿದ್ದವು.

ಬಂದರೆ ಏನು ಮಾಡುವುದು

ಮೊದಲು ಅದು ನಿಜವಾಗಿ ದಾರಿ ತಪ್ಪಿದ್ದೋ ಮೋಸದ್ದೋ ನೋಡಬೇಕು. ದಾರಿ ತಪ್ಪಿ ಬಂದದ್ದು ಸಾಮಾನ್ಯವಾಗಿ ನಿಮ್ಮಿಂದ ಏನನ್ನೂ ಕೇಳುವುದಿಲ್ಲ. ಹಣ, ಒಟಿಪಿ, ‘ಕೂಡಲೇ ಒತ್ತಿ’ ಎಂಬ ಅವಸರ ಇದ್ದರೆ ಅನುಮಾನಪಡಿ, ಲಿಂಕ್ ಮುಟ್ಟಬೇಡಿ. ಕಳಿಸಿದವರು ಒಬ್ಬ ವ್ಯಕ್ತಿ ಎಂದು ಖಚಿತವಾದರೆ ‘ಇದು ನನಗೆ ಸೇರಿದ್ದಲ್ಲ, ವಿಳಾಸ ಪರಿಶೀಲಿಸಿ’ ಎಂಬ ಒಂದು ಸಾಲು ಸಾಕು. ಯಂತ್ರ ಕಳಿಸಿದ್ದಾದರೆ ಉತ್ತರ ಯಾರಿಗೂ ಮುಟ್ಟುವುದಿಲ್ಲ. ಆ ಸಂಸ್ಥೆಯ ಅಧಿಕೃತ ಜಾಲತಾಣ ನೀವೇ ತೆರೆದು ಸಹಾಯವಾಣಿಗೆ ತಿಳಿಸಬೇಕು.

ಟೀ ಅಂಗಡಿಯಲ್ಲಿ ಕೇಳಿದ ಹಾಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೊ ಹಾಕಿ ‘ಇದು ಯಾರದು’ ಎಂದು ಕೇಳುವವರಿದ್ದಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಪೋಸ್ಟ್‌ಮ್ಯಾನ್ ಲಕೋಟೆಯ ಮೇಲಿನದನ್ನಷ್ಟೇ ಓದಿ ಹೇಳುತ್ತಿದ್ದ. ಇಲ್ಲಿ ಖಾತೆ ಸಂಖ್ಯೆ, ರೋಗದ ವಿವರ ಎಲ್ಲವೂ ನೂರಾರು ಜನರ ಕೈಗೆ ಹೋಗುತ್ತವೆ. ಕೇಳಲೇಬೇಕಾದರೆ ಹೆಸರು, ಊರು ಇಷ್ಟನ್ನೇ ಕೇಳಿ.

ಕಾನೂನಿನ ಮಾತು

ತಪ್ಪಿ ಬಂದ ಮೇಲ್ ನೋಡಿದ್ದಕ್ಕೆ ಹೆದರಬೇಕಿಲ್ಲ. ಅದನ್ನೇ ಹಿಡಿದು ‘ಪಾಸ್‌ವರ್ಡ್ ಮರೆತಿದೆ’ ಒತ್ತಿ ಇನ್ನೊಬ್ಬರ ಖಾತೆಯೊಳಗೆ ಹೋಗುವುದು ಬೇರೆಯೇ ಮಾತು. ಬೇರೆಯವರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಸಿ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಸಂಸ್ಥೆಗಳ ಬಳಿ ಇರುವ ತಮ್ಮ ವಿವರ ತಪ್ಪಿದ್ದರೆ ತಿದ್ದಿಸಿಕೊಳ್ಳುವ ಹಕ್ಕನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಮೋಸದ ಮೇಲ್ ನಂಬಿ ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಸೈಬರ್ ಸೆಂಟರಿನಲ್ಲಿ ಕೂರುವ ಅಣ್ಣ ತಮ್ಮಂದಿರಲ್ಲಿ, ಅಕ್ಕ ತಂಗಿಯರಲ್ಲಿ ಒಂದು ವಿನಂತಿ. ಸಾಲು ಎಷ್ಟೇ ಉದ್ದವಿರಲಿ, ಎದುರಿಗಿರುವವರಿಗೆ ಇ-ಮೇಲ್ ಇಲ್ಲದಿದ್ದರೆ ಅವರ ಫೋನಿನಲ್ಲೇ ಅವರ ಹೆಸರಿಗೊಂದು ಖಾತೆ ತೆರೆದುಕೊಡಿ, ವಿಳಾಸ ಮತ್ತು ಪಾಸ್‌ವರ್ಡನ್ನು ಅವರ ಪುಸ್ತಕದಲ್ಲಿ ಅವರ ಕೈಯಲ್ಲೇ ಬರೆಸಿ, ಸಬ್ಮಿಟ್ ಒತ್ತುವ ಮೊದಲು ಒಂದೊಂದೇ ಅಕ್ಷರ ಓದಿ ಹೇಳಿ.